ಲಿನಕ್ಸ್‌ಗೆ ಹೊಂದುವ ಎಸ್‌ಎಸ್‌ಡಿ ಅಡಾಪ್ಟರ್ ಹುಡುಕಿದ ಮೂರು ವಾರ

ಅಮ್ಮ ಹಾಡುವ ಸೋಬಾನೆ ಪದಗಳನ್ನು ಎರಡು ವರ್ಷ ಬಿಡುವಾದಾಗಲೆಲ್ಲ ಕೂತು ರೆಕಾರ್ಡ್ ಮಾಡಿಕೊಂಡಿದ್ದೇನೆ. ಅದರ ಜೊತೆಗೆ ಮನೆಯವರ ಫೋಟೋಗಳು, ಅಪ್ಪನ ಕಾಲದ ಜಮೀನಿನ ಕಾಗದಗಳ ಸ್ಕ್ಯಾನ್. ಎಲ್ಲ ಸೇರಿ 190 ಜಿಬಿ ಆಗುತ್ತದೆ. ಇದೆಲ್ಲ ಮನೆಯ ರಾಸ್ಪ್‌ಬೆರಿ ಪೈ 4ರಲ್ಲಿ (ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್), ಒಂದು ಎಸ್‌ಡಿ ಕಾರ್ಡ್ ಮೇಲೆ ಕೂತಿತ್ತು. ತುಮಕೂರಿನಲ್ಲಿ ಮಳೆ ಶುರುವಾದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ. ಜೂನ್‌ನಲ್ಲಿ ಒಂದು ಸಂಜೆ ಹಾಗೇ ಹೋಗಿ ಬಂದಾಗ ಎಸ್‌ಡಿ ಕಾರ್ಡ್ ಏಳಲೇ ಇಲ್ಲ. ಬ್ಯಾಕಪ್ ಇದ್ದಿದ್ದಕ್ಕೆ ಏನೂ ಕಳೆಯಲಿಲ್ಲ. ಆದರೆ ಅವತ್ತೇ ತೀರ್ಮಾನ ಮಾಡಿದೆ. ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದಿಟ್ಟ 500 ಜಿಬಿಯ ಸಾಟಾ ಎಸ್‌ಎಸ್‌ಡಿ ಇದೆ (ಎಸ್‌ಎಸ್‌ಡಿ ಅಂದರೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್, ಸಾಟಾ ಅಂದರೆ ಅದನ್ನು ಕಂಪ್ಯೂಟರ್ ಒಳಗೆ ಜೋಡಿಸುವ ಬಗೆ), ಅದನ್ನೇ ಪೈಗೆ ಹಾಕಬೇಕು.

ಪೈ 4ರಲ್ಲಿ ಸಾಟಾ ಜಾಗ ಇಲ್ಲ. ಯುಎಸ್‌ಬಿ 3.0 ಪೋರ್ಟ್ ಎರಡು ಇವೆ. ಹಾಗಾಗಿ ನಡುವೆ ಒಂದು ಅಡಾಪ್ಟರ್ ಬೇಕು. ಒಂದು ಕಡೆ ಸಾಟಾ, ಇನ್ನೊಂದು ಕಡೆ ಯುಎಸ್‌ಬಿ. ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಅದಕ್ಕೆ ಮೂರು ವಾರ ಹಿಡಿಯಿತು. ಇದೇ ದಾರಿಯಲ್ಲಿ ಬರುವವರಿಗೆ ಒಂದೆರಡು ರಾತ್ರಿಯಾದರೂ ಉಳಿಯಲಿ ಅಂತ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್ ಬಳಸುವವರಿಗೆ ಗುರುತು ಸಿಗುತ್ತದೆ.

ಮೊದಲ ವಾರ: ನಡುರಾತ್ರಿ ನಿಲ್ಲುವ ಕಾಪಿ

ಮನೆಯಲ್ಲಿ ಒಂದು ಅಡಾಪ್ಟರ್ ಕೇಬಲ್ ಆಗಲೇ ಇತ್ತು. ಹಳೆಯ ಹಾರ್ಡ್ ಡಿಸ್ಕ್ ಓದಲು ಯಾವಾಗಲೋ ತಂದಿದ್ದು. ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆ, ಚೆನ್ನಾಗಿ ಓಡಿತು. ಪೈಗೆ ಹಾಕಿದೆ. ಎಸ್‌ಎಸ್‌ಡಿ ಕಾಣಿಸಿತು. ಪಾರ್ಟಿಷನ್ (ಡಿಸ್ಕಿನಲ್ಲಿ ಡೇಟಾಗೆ ಗುರುತಿಸಿದ ಭಾಗ) ಮಾಡಿ, ಲಿನಕ್ಸ್‌ನ ಎಕ್ಸ್ಟ್4 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ, ಕಾಪಿ ಮಾಡುವ ಆರ್‌ಸಿಂಕ್ ಹಚ್ಚಿ ಮಲಗಿದೆ.

ಬೆಳಿಗ್ಗೆ ಎದ್ದರೆ ಕಾಪಿ 41 ಜಿಬಿಗೆ ನಿಂತಿತ್ತು. ಅಡಾಪ್ಟರ್ ಮೇಲಿನ ನೀಲಿ ದೀಪ ಮಿಣುಕುತ್ತಿರಲಿಲ್ಲ, ಒಂದೇ ಸಮ ಉರಿಯುತ್ತಿತ್ತು. ಪೈ ಸತ್ತಿರಲಿಲ್ಲ, ದೂರದಿಂದ ಒಳಹೋಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಬಿಟ್ಟಿತು. ಆದರೆ ಆ ಡಿಸ್ಕಿನ ಫೋಲ್ಡರ್‌ನಲ್ಲಿ ಫೈಲ್ ಪಟ್ಟಿ ಕೊಡುವ ಎಲ್‌ಎಸ್ ಹೊಡೆದರೆ ಕರ್ಸರ್ ಅಲ್ಲೇ ಕೂತುಬಿಡುತ್ತಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಸಂದೇಶಗಳನ್ನು ತೋರಿಸುವ ಡಿ-ಮೆಸೇಜ್ ತೆಗೆದು ನೋಡಿದೆ. ಎರಡೇ ಬಗೆಯ ಸಾಲುಗಳು ಮತ್ತೆ ಮತ್ತೆ ಬಂದಿದ್ದವು. ಒಂದು, 'ಯುಎಎಸ್ ಇಎಚ್ ಅಬಾರ್ಟ್ ಹ್ಯಾಂಡ್ಲರ್' ಅಂತ. ಅದರ ಹಿಂದೆಯೇ 'ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್'. ಅಂದರೆ ಕರ್ನಲ್ ಒಂದು ಕೆಲಸ ಹೇಳಿದೆ, ಅಡಾಪ್ಟರ್ ಉತ್ತರ ಕೊಟ್ಟಿಲ್ಲ, ಕಾದು ಕಾದು ಕರ್ನಲ್ ಅದನ್ನು ರೀಸೆಟ್ ಮಾಡಿದೆ, ಮತ್ತೆ ಅದೇ ಕಥೆ.

ಮೊದಲು ಅನುಮಾನ ಬಂದಿದ್ದು ಪವರ್ ಮೇಲೆ. ಅದು ನ್ಯಾಯವಾದ ಅನುಮಾನವೇ. ಪೈ 4 ತನ್ನ ನಾಲ್ಕೂ ಯುಎಸ್‌ಬಿ ಪೋರ್ಟ್‌ಗೆ ಒಟ್ಟು ಸೇರಿಸಿ 1.2 ಆಂಪಿಯರ್ ಮಾತ್ರ ಕೊಡುತ್ತದೆ. ಎಸ್‌ಎಸ್‌ಡಿ ಬರೆಯುವಾಗ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಕುಸಿದಿದೆಯಾ ಅಂತ ನೋಡಲು ಪೈಯಲ್ಲೇ ಒಂದು ಕಮಾಂಡ್ ಇದೆ, ವಿಸಿಜೆನ್‌ಕಮಾಂಡ್ ಗೆಟ್ ಥ್ರಾಟಲ್ಡ್. ಬಂದ ಉತ್ತರ ಸೊನ್ನೆ. ಪೈಗೆ ಬರುವ ಕರೆಂಟು ಕುಸಿದಿಲ್ಲ ಅಂತಾಯಿತು. ಆದರೂ ಸಮಾಧಾನ ಆಗಲಿಲ್ಲ. ಪಕ್ಕದ ಮನೆಯ ಹುಡುಗನ ಹತ್ತಿರ ಸ್ವಂತ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಇತ್ತು. ಅದನ್ನು ತಂದು ನಡುವೆ ಹಾಕಿದೆ. ಈ ಸಲ 60 ಜಿಬಿ ತನಕ ಹೋಗಿ ನಿಂತಿತು.

ಪವರ್ ಅಲ್ಲ. ಹಾಗಾದರೆ ಯುಎಎಸ್.

ಯುಎಎಸ್ ಅಂದರೆ ಏನು

ಯುಎಸ್‌ಬಿ ಡಿಸ್ಕಿನ ಜೊತೆ ಲಿನಕ್ಸ್ ಎರಡು ರೀತಿ ಮಾತಾಡುತ್ತದೆ. ಹಳೆಯ ರೀತಿಗೆ ಬಲ್ಕ್ ಓನ್ಲಿ ಅನ್ನುತ್ತಾರೆ, ಅದನ್ನು ನೋಡಿಕೊಳ್ಳುವ ಡ್ರೈವರ್ ಯುಎಸ್‌ಬಿ-ಸ್ಟೋರೇಜ್. ಒಂದು ಕೆಲಸ ಹೇಳು, ಡೇಟಾ ಬರಲಿ, ಮುಗಿಯಿತು ಅಂತ ಉತ್ತರ ಬರಲಿ, ಆಮೇಲೆ ಮುಂದಿನ ಕೆಲಸ. ದರ್ಶಿನಿಯಲ್ಲಿ ಒಬ್ಬರು ದೋಸೆ ತಿಂದು ಎದ್ದ ಮೇಲೆಯೇ ಮುಂದಿನವರ ಟೋಕನ್ ತಗೊಂಡ ಹಾಗೆ. ಯುಎಎಸ್ ಹೊಸ ರೀತಿ. ಹತ್ತಾರು ಟೋಕನ್ ಒಟ್ಟಿಗೆ ಒಳಗೆ ಹೋಗುತ್ತವೆ, ಯಾವುದು ಮೊದಲು ಆಯಿತೋ ಅದು ಮೊದಲು ಹೊರಗೆ ಬರುತ್ತದೆ. ಎಸ್‌ಎಸ್‌ಡಿಗೆ ಒಂದೇ ಸಲ ತುಂಬಾ ಕೆಲಸ ಮಾಡುವ ಶಕ್ತಿ ಇರುತ್ತದಲ್ಲ, ಅದು ಪೂರ್ತಿ ಬಳಕೆಯಾಗುವುದು ಯುಎಎಸ್ ಇದ್ದಾಗಲೇ. ಲಿನಕ್ಸ್‌ನಲ್ಲಿ ಇದು ಸರಿಯಾಗಿ ಬಳಕೆಗೆ ಬಂದಿದ್ದು 2014ರ 3.15 ಕರ್ನಲ್‌ನಿಂದ.

ತೊಂದರೆ ಇರುವುದು ಅಡಾಪ್ಟರ್ ಒಳಗಿನ ಚಿಪ್‌ನಲ್ಲಿ. ಇದನ್ನು ಬ್ರಿಡ್ಜ್ ಚಿಪ್ ಅನ್ನುತ್ತಾರೆ. ಸಾಟಾ ಮಾತನ್ನು ಯುಎಸ್‌ಬಿ ಮಾತಿಗೆ ತಿರುಗಿಸುವುದು ಅದೇ. ಕೆಲವು ಚಿಪ್‌ಗಳು 'ನನಗೆ ಯುಎಎಸ್ ಬರುತ್ತೆ' ಅಂತ ಹೇಳಿಕೊಳ್ಳುತ್ತವೆ, ಕೆಲಸ ಜೋರಾದಾಗ ತಡವರಿಸುತ್ತವೆ. ಇಂಥವನ್ನು ಗುರುತು ಹಾಕಿಕೊಳ್ಳಲೆಂದೇ ಕರ್ನಲ್ ಸೋರ್ಸ್‌ನಲ್ಲಿ ಒಂದು ಫೈಲ್ ಇದೆ. ಯಾವ ಅಡಾಪ್ಟರ್ ಜೊತೆ ಹೇಗೆ ಜೋಪಾನವಾಗಿ ನಡೆದುಕೊಳ್ಳಬೇಕು ಅಂತ ಅಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾರೆ. ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲ.

ಅಡಾಪ್ಟರ್‌ನ ಪ್ಲಾಸ್ಟಿಕ್ ಹೊದಿಕೆಯ ಸಂದಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಬಿಡಿಸಿದೆ. ಒಳಗೆ ಹೆಬ್ಬೆರಳಿನಷ್ಟು ಹಸಿರು ಬೋರ್ಡ್. ಒಂದು ಬದಿಗೆ ಸಾಟಾ ಕನೆಕ್ಟರ್, ನಡುವೆ ಕಪ್ಪು ಚೌಕದ ಚಿಪ್, ಪಕ್ಕದಲ್ಲಿ ಬೆಳ್ಳಿ ಬಣ್ಣದ ಕ್ರಿಸ್ಟಲ್, ಇನ್ನೊಂದು ಮೂಲೆಯಲ್ಲಿ ಎಂಟು ಕಾಲಿನ ಪುಟ್ಟ ಮೆಮೊರಿ ಚಿಪ್. ಫರ್ಮ್‌ವೇರ್ ಇರುವುದು ಆ ಎಂಟು ಕಾಲಿನದರಲ್ಲಿ. ದೊಡ್ಡ ಚಿಪ್ ಮೇಲಿನ ಅಕ್ಷರ ನೇರ ಬೆಳಕಲ್ಲಿ ಕಾಣುವುದೇ ಇಲ್ಲ. ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದಾಗ ನಂಬರ್ ಎದ್ದು ಬಂತು. ಅದರ ಹೆಸರು ಬರೆಯುವುದಿಲ್ಲ. ಅದೇ ಚಿಪ್ ಬೇರೆ ಫರ್ಮ್‌ವೇರ್ ಜೊತೆ ಗೆಳೆಯನ ಮನೆಯಲ್ಲಿ ಒಂದು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ. ನನ್ನ ಕೈಯಲ್ಲಿದ್ದ ಒಂದು ಕೇಬಲ್ ನೋಡಿ ಚಿಪ್ ಮಾಡಿದವರನ್ನು ದೂರುವುದು ಸರಿಯಲ್ಲ.

ಸದ್ಯದ ಪರಿಹಾರ ಎಲ್ಲರಿಗೂ ಗೊತ್ತಿರುವುದೇ. ಎಲ್‌ಎಸ್‌ಯುಎಸ್‌ಬಿ ಹೊಡೆದರೆ ಅಡಾಪ್ಟರ್‌ನ ಎರಡು ಗುರುತಿನ ಸಂಖ್ಯೆ ಸಿಗುತ್ತವೆ, ನಡುವೆ ಕೋಲನ್ ಇರುತ್ತದೆ. ಮೊದಲನೆಯದು ತಯಾರಕರದು. 152ಡಿ ಇದ್ದರೆ ಜೆಮೈಕ್ರಾನ್, 174ಸಿ ಇದ್ದರೆ ಏಸ್‌ಮೀಡಿಯಾ, 0ಬಿಡಿಎ ಇದ್ದರೆ ರಿಯಲ್‌ಟೆಕ್. ಎರಡನೆಯದು ಮಾಡೆಲ್‌ನದು. ಈ ಜೋಡಿಯ ಕೊನೆಗೆ ಒಂದು ಕೋಲನ್, ಒಂದು 'ಯು' ಅಕ್ಷರ ಸೇರಿಸಿ, ಯುಎಸ್‌ಬಿ-ಸ್ಟೋರೇಜ್ ಡಾಟ್ ಕ್ವರ್ಕ್ಸ್ ಅನ್ನುವ ಆಯ್ಕೆಗೆ ಕೊಟ್ಟು, ಬೂಟ್ ಫರ್ಮ್‌ವೇರ್ ಫೋಲ್ಡರಿನ ಸಿಎಂಡಿಲೈನ್ ಫೈಲ್‌ನಲ್ಲಿ ಬರೆಯಬೇಕು. ಆ ಫೈಲ್ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಮಧ್ಯೆ ಎಂಟರ್ ಒತ್ತಿದರೆ ಪೈ ಬೂಟ್ ಆಗುವುದಿಲ್ಲ, ಹುಷಾರು. ಹೀಗೆ ಮಾಡಿ ರೀಬೂಟ್ ಕೊಟ್ಟರೆ ಆ ಅಡಾಪ್ಟರ್‌ಗೆ ಮಾತ್ರ ಯುಎಎಸ್ ಬಿಟ್ಟು ಹಳೆಯ ರೀತಿಯಲ್ಲೇ ಕರ್ನಲ್ ಮಾತಾಡುತ್ತದೆ.

ಕಾಪಿ ನಿಲ್ಲಲಿಲ್ಲ. 190 ಜಿಬಿಯೂ ಒಂದೇ ಓಟದಲ್ಲಿ ಬಂತು.

ಇಲ್ಲಿಗೇ ನಿಲ್ಲಿಸಬಹುದಿತ್ತು

ನಿಲ್ಲಿಸಲಿಲ್ಲ, ಯಾಕೆಂದರೆ ಆಮೇಲೆ ಮೂರು ವಿಷಯ ನೋಡಿದೆ.

ಮೊದಲನೆಯದು ವೇಗ. ದೊಡ್ಡ ಫೈಲ್ ಓದುವಾಗ ಅಂಥ ವ್ಯತ್ಯಾಸ ಇರಲಿಲ್ಲ. ಡಿಸ್ಕ್ ವೇಗ ಅಳೆಯುವ ಎಫ್‌ಐಒದಲ್ಲಿ 4 ಕೆಬಿಯ ಸಣ್ಣ ಸಣ್ಣ ತುಂಡುಗಳನ್ನು ಅಲ್ಲಲ್ಲಿಂದ ಓದಿಸಿ, 32 ಬೇಡಿಕೆ ಒಟ್ಟಿಗೆ ಕೊಟ್ಟು ನೋಡಿದೆ. ಯುಎಎಸ್ ಇದ್ದಾಗ ಬರುತ್ತಿದ್ದದ್ದರ ಮೂರರಲ್ಲೊಂದು ಪಾಲೂ ಬರಲಿಲ್ಲ. ಫೋಟೋಗಳ ಚಿಕ್ಕ ಚಿತ್ರ ತೋರಿಸುವ ಕೆಲಸ ಇದೇ ಥರದ್ದು. ಫೋನ್‌ನಲ್ಲಿ ಆಲ್ಬಮ್ ತೆರೆದರೆ ಬಿಳಿ ಚೌಕಗಳು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದವು.

ಎರಡನೆಯದು ಎಸ್‌ಎಸ್‌ಡಿಯ ಆರೋಗ್ಯ. ಅದನ್ನು ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್‌ನಲ್ಲಿ ಕೇಳಿದರೆ ಈ ಅಡಾಪ್ಟರ್ ಏನನ್ನೂ ದಾಟಿಸುತ್ತಿರಲಿಲ್ಲ. ಡಿಸ್ಕ್ ಎಷ್ಟು ಸವೆದಿದೆ, ಎಷ್ಟು ಗಂಟೆ ಓಡಿದೆ, ಒಂದೂ ಗೊತ್ತಾಗದು. ಅಮ್ಮನ ದನಿ ಇಟ್ಟಿರುವ ಡಿಸ್ಕ್ ಸಾಯುವ ಮೊದಲು ನನಗೆ ಸುಳಿವು ಸಿಗಲೇಬೇಕು.

ಮೂರನೆಯದು ಟ್ರಿಮ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್‌ಎಸ್‌ಡಿಯಲ್ಲಿ ಒಮ್ಮೆ ಬರೆದ ಜಾಗದ ಮೇಲೆ ನೇರ ಮತ್ತೆ ಬರೆಯಲು ಆಗುವುದಿಲ್ಲ. ಮೊದಲು ಅಳಿಸಬೇಕು. ಬರೆಯುವುದು ಸಣ್ಣ ಪೇಜ್‌ಗಳಲ್ಲಿ, ಅಳಿಸುವುದು ಅಂಥ ನೂರಾರು ಪೇಜ್ ಇರುವ ದೊಡ್ಡ ಬ್ಲಾಕ್‌ಗಳಲ್ಲಿ. ನಾವು ಫೈಲ್ ಡಿಲೀಟ್ ಮಾಡಿದಾಗ ಫೈಲ್‌ಸಿಸ್ಟಮ್ ತನ್ನ ಪುಸ್ತಕದಲ್ಲಿ ಮಾತ್ರ ಹೊಡೆದುಹಾಕುತ್ತದೆ. ಎಸ್‌ಎಸ್‌ಡಿಗೆ ಆ ಸುದ್ದಿ ಹೋಗುವುದಿಲ್ಲ. ಬಾಡಿಗೆಯವರು ಮನೆ ಬಿಟ್ಟು ಹೋದರೂ ಮಾಲೀಕನಿಗೆ ಯಾರೂ ಹೇಳದೆ ಇದ್ದರೆ ಹೇಗೋ ಹಾಗೆ. ಅವನು ಆ ಖಾಲಿ ಮನೆಗೂ ಸುಣ್ಣ ಹೊಡೆಸುತ್ತಾನೆ, ಮೋಟಾರು ಹಾಕಿ ನೀರು ತುಂಬಿಸುತ್ತಾನೆ. ಎಸ್‌ಎಸ್‌ಡಿಯೂ ಬೇಡದ ಡೇಟಾವನ್ನೇ ಜೋಪಾನವಾಗಿ ಅಲ್ಲಿಂದಿಲ್ಲಿಗೆ ಸಾಗಿಸುತ್ತಾ ಸವೆಯುತ್ತದೆ, ನಿಧಾನವೂ ಆಗುತ್ತದೆ. ಈ ಜಾಗ ಖಾಲಿ ಅಂತ ಹೇಳುವ ಸುದ್ದಿಯೇ ಟ್ರಿಮ್. ನನ್ನ ಅಡಾಪ್ಟರ್‌ನಲ್ಲಿ ಆ ಸುದ್ದಿ ಕಳಿಸುವ ಎಫ್‌ಎಸ್‌ಟ್ರಿಮ್ ಕಮಾಂಡ್ ಓಡಿಸಿದರೆ 'ಡಿಸ್ಕಾರ್ಡ್ ಆಪರೇಷನ್ ಸಪೋರ್ಟ್ ಇಲ್ಲ' ಅಂತ ಒಂದೇ ಸಾಲು ಬಂತು.

ಈ ಮೂರೂ ಸಿಗುವ ಅಡಾಪ್ಟರ್ ಬೇಕೇ ಬೇಕು ಅಂತ ಹಠ ಬಂದಿದ್ದು ಆಗ.

ಎಸ್‌ಪಿ ರೋಡ್

ಆನ್‌ಲೈನ್‌ನಲ್ಲಿ ನೋಡಿದರೆ ನೂರು ಅಡಾಪ್ಟರ್ ಇವೆ. ಎಲ್ಲದರ ಮೇಲೂ ದೊಡ್ಡದಾಗಿ ವೇಗ ಬರೆದಿರುತ್ತಾರೆ. ಚಿಪ್ ಯಾವುದು ಅಂತ ಬರೆಯುವವರು ಕೆಲವರು ಮಾತ್ರ. ಒಂದೇ ಹೆಸರಿನ ಅಡಾಪ್ಟರ್‌ನಲ್ಲಿ ಆರು ತಿಂಗಳು ಒಂದು ಚಿಪ್, ಆಮೇಲೆ ಇನ್ನೊಂದು ಬರುವುದೂ ಉಂಟು. ಹಾಗಾಗಿ ಕೈಯಲ್ಲಿ ಹಿಡಿದು, ಹಾಕಿ ನೋಡಿಯೇ ತರೋಣ ಅಂತ ಬೆಂಗಳೂರಿಗೆ ಹೊರಟೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತದೆ, ಅದಕ್ಕೇ ಶನಿವಾರ. ಬ್ಯಾಗಿನಲ್ಲಿ ಉಬುಂಟು ಇರುವ ಲ್ಯಾಪ್‌ಟಾಪ್, ಎಸ್‌ಎಸ್‌ಡಿ. ಎಸ್‌ಎಸ್‌ಡಿ ಒಯ್ಯಲೇಬೇಕು. ಡ್ರೈವ್ ಇಲ್ಲದೆ ಖಾಲಿ ಹಾಕಿದರೆ ಕೆಲವು ಅಡಾಪ್ಟರ್ ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣುವುದೇ ಇಲ್ಲ. ಹೊರಡುವ ಮೊದಲು ಅದರಲ್ಲಿದ್ದ ಎಲ್ಲದರ ಇನ್ನೊಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿಗೆ ಹಾಕಿದ್ದೆ.

ಮೂರನೇ ಅಂಗಡಿಯಲ್ಲಿ ಒಬ್ಬರು ಸಿಕ್ಕರು. ನಾನು ಕೇಳಿದೆ, "ಅಣ್ಣಾ, ಇದರೊಳಗೆ ಯಾವ ಚಿಪ್ ಇದೆ?"

"ಚಿಪ್ಪಾ? ಎಲ್ಲಾ 3.0 ಸಾರ್. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಏನ್ ಹಾಕಿದ್ರೂ ಬರುತ್ತೆ."

"ಪೈಗೆ ಹಾಕ್ಬೇಕು. ಒಂದ್ಸಲ ಇಲ್ಲೇ ಹಾಕಿ ನೋಡ್ಲಾ?"

ಅವರು ಕೌಂಟರ್ ಮೇಲಿನ ಬಿಲ್ ಪುಸ್ತಕ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. "ನೋಡಿ ಸಾರ್, ಅದಕ್ಕೇನಂತೆ. ಪ್ಲಾಸ್ಟಿಕ್ ಕವರ್ ಮಾತ್ರ ಹರೀಬೇಡಿ, ಮೆಲ್ಲಗೆ ತೆಗೀರಿ."

ಅವರ ಆ ಒಂದು ಮಾತಿನಿಂದ ನನ್ನ ಅರ್ಧ ಕೆಲಸ ಮುಗಿಯಿತು. ಮೊದಲು ಒಂದು ಸಾದಾ ಕೇಬಲ್ ಹಾಕಿದೆ. ಎಲ್‌ಎಸ್‌ಯುಎಸ್‌ಬಿಗೆ ಹೈಫನ್ ಟಿ ಕೊಟ್ಟರೆ ಮರದ ಹಾಗೆ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲಿ ಡ್ರೈವರ್ ಯಾವುದು ಅಂತ ಇರುತ್ತದೆ, ಕೊನೆಯಲ್ಲಿ ವೇಗ. ನನಗೆ ಬೇಕಾಗಿದ್ದು 'ಯುಎಎಸ್' ಮತ್ತು '5000ಎಂ'. ಬಂದಿದ್ದು 'ಯುಎಸ್‌ಬಿ-ಸ್ಟೋರೇಜ್'. ಅಂದರೆ ಆ ಚಿಪ್‌ಗೆ ಯುಎಎಸ್ ಬರುವುದೇ ಇಲ್ಲ. ಅಲ್ಲೇ ವಾಪಸ್ ಕೊಟ್ಟೆ.

ಎರಡನೆಯದು ಟೈಪ್-ಸಿ ಇರುವ ಡಬ್ಬ, ಅಂದರೆ ಎಸ್‌ಎಸ್‌ಡಿಯನ್ನೇ ಒಳಗಿಟ್ಟು ಮುಚ್ಚುವ ಅಡಾಪ್ಟರ್. ಡ್ರೈವರ್ ಯುಎಎಸ್ ಅಂತಲೇ ಬಂತು, ಆದರೆ ವೇಗ 480ಎಂ. ಇದು ಯುಎಸ್‌ಬಿ 2ರ ವೇಗ. ಅಂಗಡಿಯವರು ಡಬ್ಬ ಸರಿಯಿಲ್ಲ ಅಂದುಕೊಂಡು ಇನ್ನೊಂದು ತೆಗೆಯಲು ಹೋದರು. ತಡೆದೆ. ಅಲ್ಲೇ ಬಿದ್ದಿದ್ದ ಯಾವುದೋ ಫೋನ್ ಚಾರ್ಜಿಂಗ್ ಕೇಬಲ್ ಹಾಕಿದ್ದೆವು. ಟೈಪ್-ಸಿ ಬಾಯಿ ಇದ್ದ ಮಾತ್ರಕ್ಕೆ ಒಳಗೆ 3.0 ತಂತಿ ಇರಬೇಕೆಂದಿಲ್ಲ. ಕೇಬಲ್‌ನ ಇನ್ನೊಂದು ತುದಿಯ ಚೌಕ ಪ್ಲಗ್ ಒಳಗೆ ಇಣುಕಿ ನೋಡಿದರೆ ಗೊತ್ತಾಗುತ್ತದೆ. ಮುಂದೆ ನಾಲ್ಕು ಚಪ್ಪಟೆ ಪಿನ್ ಎಲ್ಲದರಲ್ಲೂ ಇರುತ್ತವೆ, 3.0 ಆದರೆ ಹಿಂದೆ ಇನ್ನೂ ಐದು ಇರುತ್ತವೆ. ಡಬ್ಬದ ಜೊತೆ ಬಂದ ಕೇಬಲ್ ಹಾಕಿದ ಮೇಲೆ 5000ಎಂ ಬಂತು. ಇನ್ನೊಂದು ವಿಷಯ. ಆ ಚೌಕ ಪ್ಲಗ್ಗನ್ನು ತುಂಬಾ ನಿಧಾನಕ್ಕೆ ತೂರಿಸಿದರೆ ಮುಂದಿನ ನಾಲ್ಕು ಪಿನ್ ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಅಂತಲೇ ಹಿಡಿದುಕೊಳ್ಳಬಹುದು. ತೆಗೆದು ಒಂದೇ ಸಲಕ್ಕೆ ಒತ್ತಿ ಹಾಕಬೇಕು.

ಮೂರನೆಯದು ಚಿಕ್ಕ ಕೇಬಲ್. 174ಸಿ ಅಂತ ತೋರಿಸಿತು, ಏಸ್‌ಮೀಡಿಯಾ. ಯುಎಎಸ್, 5000ಎಂ. ಒಂದು ಮಾತು ನೆನಪಿಡಿ. ಡಬ್ಬ ಮಾಡುವ ಕಂಪನಿಗಳು ಈ ಗುರುತಿನ ಸಂಖ್ಯೆಯನ್ನು ತಮ್ಮದಕ್ಕೆ ಬದಲಿಸಿಕೊಳ್ಳಬಹುದು. ಸಂಖ್ಯೆ ನೋಡಿದ ಮಾತ್ರಕ್ಕೆ ಚಿಪ್ ಇದೇ ಅಂತ ಯಾವಾಗಲೂ ಹೇಳಲಾಗದು. ಹೆಸರು ನೋಡಿಯೇ ಹುಡುಕುವವರಿಗೆ, 2.5 ಇಂಚಿನ ಸಾಟಾ ಡ್ರೈವ್‌ಗೆ ಏಸ್‌ಮೀಡಿಯಾದ ಎಎಸ್‌ಎಂ1153ಇ, 225ಸಿಎಂ, 235ಸಿಎಂ, ಜೆಮೈಕ್ರಾನ್‌ನ ಜೆಎಂಎಸ್578, 580 ಇವು ಪೇಟೆಯಲ್ಲಿ ಸಿಗುವ ಚಿಪ್‌ಗಳು. 235ಸಿಎಂ ಮತ್ತು 580 ಎರಡೂ 10 ಗಿಗಾಬಿಟ್‌ನವು. ಪೈ 4ರ ಪೋರ್ಟ್ 5 ಗಿಗಾಬಿಟ್‌ನದು, ಅದಕ್ಕಿಂತ ಮೇಲೆ ಹೋಗದು. ಡ್ರೈವ್ ಸಾಟಾ ಆದರೆ ಸೆಕೆಂಡಿಗೆ 550 ಎಂಬಿ ಆಸುಪಾಸೇ ಅದರ ಮಿತಿ. ಡಬ್ಬದ ಮೇಲೆ 20 ಗಿಗಾಬಿಟ್ ಅಂತ ಇದ್ದರೂ ಆ ಮಿತಿ ದಾಟುವುದಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ.

ಎರಡನ್ನೂ ಕೊಂಡೆ, ಡಬ್ಬ ಒಂದು, ಚಿಕ್ಕ ಕೇಬಲ್ ಒಂದು. "ಸೋಮವಾರದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ ಸಾರ್," ಅಂದರು.

ಪಾರ್ಟಿಷನ್ ಮಾಯ

ಮನೆಗೆ ಬಂದು ಮೊದಲು ಡಬ್ಬಕ್ಕೆ ಎಸ್‌ಎಸ್‌ಡಿ ಕೂರಿಸಿದೆ. ಲೋಹದ ಮೈ, ಗಟ್ಟಿಯಾಗಿ ಕೂರುತ್ತಿತ್ತು, ನೋಡಲೂ ಚೆಂದ. ಪೈಗೆ ಹಾಕಿ, ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹೊಡೆದೆ. ಡಿಸ್ಕ್ ಇದೆ. ಪಾರ್ಟಿಷನ್ ಇಲ್ಲ.

ಎದೆ ಧಸಕ್ ಅಂದಿತು. ಇನ್ನೊಂದು ಪ್ರತಿ ಇದೆ ಅಂತ ಗೊತ್ತಿದ್ದರೂ ಕೈ ತಣ್ಣಗಾಯಿತು. ಪರದೆಯ ಮೇಲೆ ಡಿಸ್ಕಿನ ಹೆಸರಿನ ಕೆಳಗೆ ಖಾಲಿ. ಅಮ್ಮ ಒಳಗಿಂದ, "ಏನೋ, ಊಟಕ್ಕೆ ಬರಲ್ವಾ?" ಅಂತ ಕರೆದಿದ್ದು ಕೇಳಿಸಿತು, ಉತ್ತರ ಕೊಡಲು ಬಾಯಿ ಬರಲಿಲ್ಲ. ಹಳೆಯ ಕೇಬಲ್‌ಗೆ ಮತ್ತೆ ಹಾಕಿದೆ. ಪಾರ್ಟಿಷನ್ ಬಂತು, ಎಲ್ಲ ಫೈಲ್ ಇದ್ದವು. ಡಬ್ಬಕ್ಕೆ ಹಾಕಿದೆ, ಮಾಯ.

ಕಾರಣ ಸೆಕ್ಟರ್ ಅಳತೆ, ಅಂದರೆ ಡಿಸ್ಕನ್ನು ಎಷ್ಟೆಷ್ಟು ಬೈಟ್‌ನ ತುಂಡಾಗಿ ಎಣಿಸುವುದು ಅನ್ನುವುದು. ಎಲ್‌ಎಸ್‌ಬಿಎಲ್‌ಕೆಗೆ ಲಾಜಿಕಲ್ ಸೆಕ್ಟರ್ ಕಾಲಂ ತೋರಿಸು ಅಂತ ಕೇಳಿದರೆ ಹಳೆಯ ಕೇಬಲ್‌ನಲ್ಲಿ 512 ಬಂತು, ಈ ಡಬ್ಬದಲ್ಲಿ 4096. ಡಿಸ್ಕ್ ಅದೇ. ನಡುವಿನ ಚಿಪ್ ಅಳತೆಯ ಕೋಲನ್ನೇ ಬದಲಿಸಿ ಹೇಳುತ್ತಿದೆ. ಜಿಪಿಟಿ ಪಾರ್ಟಿಷನ್‌ನ ವಿವರ ಇರುವುದು ಸೊನ್ನೆಯಿಂದ ಎಣಿಸಿದರೆ ಒಂದನೇ ಸೆಕ್ಟರ್‌ನಲ್ಲಿ. ಸೆಕ್ಟರ್ 512 ಆದರೆ ಅದು 512ನೇ ಬೈಟ್‌ಗೆ ಶುರು. 4096 ಆದರೆ 4096ನೇ ಬೈಟ್‌ಗೆ ಹೋಗಿ ಹುಡುಕುತ್ತದೆ, ಅಲ್ಲಿ ಏನಿರುತ್ತದೆ? ಹಾಗಾಗಿ ಸಿಗಲಿಲ್ಲ. ಡೇಟಾಗೆ ಏನೂ ಆಗಿಲ್ಲ. ಆ ಗಾಬರಿಯಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದರೆ ಮಾತ್ರ ನಿಜವಾಗಿ ಹೋಗುತ್ತಿತ್ತು. ಯಾರಿಗಾದರೂ ಅಡಾಪ್ಟರ್ ಬದಲಿಸಿದ ಮೇಲೆ ಡಿಸ್ಕ್ ಖಾಲಿ ಕಂಡರೆ, ದಯವಿಟ್ಟು ಏನೂ ಬರೆಯಬೇಡಿ, ಹಳೆಯ ಅಡಾಪ್ಟರ್‌ಗೆ ಹಾಕಿ ನೋಡಿ.

ಈ ಡಬ್ಬದಲ್ಲೇ ಫಾರ್ಮ್ಯಾಟ್ ಮಾಡಿ ಇದರಲ್ಲೇ ಇಟ್ಟರೆ ನಡೆಯುತ್ತದೆ. ಆದರೆ ಡಬ್ಬ ಕೆಟ್ಟ ದಿನ ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರ್‌ನ ಸಾಟಾ ಪೋರ್ಟ್‌ಗೆ ಹಾಕಿದರೆ ಓದಲು ಬರುವುದಿಲ್ಲ. ನನಗೆ ಅದು ಒಪ್ಪಿಗೆ ಇಲ್ಲ. ಸೋಮವಾರ ಗೆಳೆಯನ ಕೈಯಲ್ಲಿ ಡಬ್ಬ ವಾಪಸ್ ಕಳಿಸಿದೆ. ಅಂಗಡಿಯವರು ಮಾತು ಉಳಿಸಿಕೊಂಡರು.

ಚಿಕ್ಕ ಕೇಬಲ್, ಟ್ರಿಮ್

ಉಳಿದದ್ದು ಏಸ್‌ಮೀಡಿಯಾ ಕೇಬಲ್. ಸೆಕ್ಟರ್ 512. ಸ್ಮಾರ್ಟ್‌ಸಿಟಿಎಲ್‌ಗೆ ಹೈಫನ್ ಡಿ ಸ್ಯಾಟ್ ಅಂತ ಸೇರಿಸಿ ಕೇಳಿದರೆ ಪೂರ್ತಿ ವಿವರ ಕೊಟ್ಟಿತು. ಅದರಲ್ಲಿ 199 ಅನ್ನುವ ಸಂಖ್ಯೆ ಇರುವ ಸಾಲು ನೋಡಿಕೊಳ್ಳಿ, ಸಿಆರ್‌ಸಿ ಎರರ್ ಎಣಿಕೆ. ಎಸ್‌ಎಸ್‌ಡಿ ಮತ್ತು ಅಡಾಪ್ಟರ್ ನಡುವಿನ ಸಾಟಾ ಜೋಡಣೆ ಸಡಿಲ ಇದ್ದರೆ ಅದು ಏರುತ್ತಾ ಹೋಗುತ್ತದೆ. ನನ್ನದರಲ್ಲಿ ಹಳೆಯದು 3 ಇತ್ತು. ಇನ್ನೂ 3ರಲ್ಲೇ ಇದೆ.

ಎಫ್‌ಎಸ್‌ಟ್ರಿಮ್ ಓಡಿಸಿದೆ. ಅದೇ ಉತ್ತರ, ಸಪೋರ್ಟ್ ಇಲ್ಲ.

ಆದರೆ ಇಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎಸ್‌ಜಿ3-ಯುಟಿಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಂಡೆ. ಅದರಲ್ಲಿ ಎಸ್‌ಜಿ-ವಿಪಿಡಿ ಅನ್ನುವ ಕಮಾಂಡ್ ಇದೆ. ಅದಕ್ಕೆ ಎಲ್‌ಬಿಪಿವಿ ಪುಟ ತೋರಿಸು ಅಂದರೆ, ಅನ್‌ಮ್ಯಾಪ್ ಕಮಾಂಡ್ ಬರುತ್ತದಾ ಅನ್ನುವುದಕ್ಕೆ 1 ಅಂತ ಬಂತು. ಅನ್‌ಮ್ಯಾಪ್ ಅಂದರೆ, ಯುಎಸ್‌ಬಿ ಡಿಸ್ಕ್‌ಗಳಿಗೆ ಕೆಲಸ ಹೇಳುವ ಸ್ಕಸಿ ಭಾಷೆಯಲ್ಲಿ, ಟ್ರಿಮ್. ಚಿಪ್‌ಗೆ ಕೆಲಸ ಬರುತ್ತದೆ, ಆದರೆ ಬರುತ್ತದೆ ಅಂತ ಹೇಳುವ ಇನ್ನೊಂದು ಕಡೆ ಅದು ಸುಮ್ನೆ ಇದೆ. ಕರ್ನಲ್ ಆ ಇನ್ನೊಂದು ಕಡೆ ನೋಡಿ, ಖಾತ್ರಿ ಇಲ್ಲ, ಬೇಡ ಅಂತ ಬಿಟ್ಟಿದೆ. ಕರ್ನಲ್ ಹೀಗೆ ಜಾಗ್ರತೆ ಮಾಡುವುದು ಒಳ್ಳೆಯದೇ. ಟ್ರಿಮ್ ಸರಿಯಾಗಿ ಬರದ ಚಿಪ್‌ಗೆ ಒತ್ತಾಯವಾಗಿ ಟ್ರಿಮ್ ಕಳಿಸಿದರೆ ಇರುವ ಡೇಟಾ ಹೋಗಬಹುದು. ಹಾಗಾಗಿ ಆ 1 ಕಾಣದಿದ್ದರೆ ಮುಂದೆ ಹೇಳುವುದನ್ನು ಮಾಡಲೇಬೇಡಿ.

ಕರ್ನಲ್‌ನ ಸೆಟ್ಟಿಂಗ್‌ಗಳು ಕಾಣುವ ಸಿಸ್ ಫೋಲ್ಡರ್ ಒಳಗೆ ಆ ಡಿಸ್ಕಿನ ಪ್ರಾವಿಷನಿಂಗ್ ಮೋಡ್ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ 'ಫುಲ್' ಅಂತಿತ್ತು. 'ಅನ್‌ಮ್ಯಾಪ್' ಅಂತ ಬರೆದೆ. ಇನ್ನೊಂದು ಲೆಕ್ಕವೂ ಇದೆ. ಎಸ್‌ಜಿ-ವಿಪಿಡಿಯ ಬಿಎಲ್ ಪುಟದಲ್ಲಿ ಒಂದು ಸಲಕ್ಕೆ ಎಷ್ಟು ಬ್ಲಾಕ್ ಅನ್‌ಮ್ಯಾಪ್ ಮಾಡಬಹುದು ಅಂತ ಇರುತ್ತದೆ. ನನ್ನದರಲ್ಲಿ 4194240. ಅದನ್ನು 512ರಿಂದ ಗುಣಿಸಿದರೆ 2147450880 ಬೈಟ್. ಕರ್ನಲ್ ತಾನಾಗಿ ಹಾಕಿಕೊಂಡ ಮಿತಿ ಇದಕ್ಕಿಂತ ದೊಡ್ಡದಿತ್ತು. ಕ್ಯೂ ಫೋಲ್ಡರ್‌ನ ಡಿಸ್ಕಾರ್ಡ್ ಮ್ಯಾಕ್ಸ್ ಬೈಟ್ಸ್ ಫೈಲ್‌ನಲ್ಲಿ ಈ ಸಂಖ್ಯೆ ಬರೆದು ಇಳಿಸಿದೆ.

ಒಮ್ಮೆಲೇ ನಿಜವಾದ ಡೇಟಾ ಮೇಲೆ ಪ್ರಯೋಗ ಮಾಡಲಿಲ್ಲ. ಡಿಸ್ಕ್ ಪೂರ್ತಿ ಖಾಲಿ ಮಾಡಿ 100 ಜಿಬಿ ಫೈಲ್ ತುಂಬಿಸಿದೆ, ಪ್ರತಿಯೊಂದರ ಶಾ256 ಲೆಕ್ಕ (ಫೈಲ್ ಚೂರು ಬದಲಾದರೂ ತಾನೂ ಬದಲಾಗುವ ಗುರುತು) ಬರೆದಿಟ್ಟೆ. ಅರ್ಧ ಡಿಲೀಟ್ ಮಾಡಿದೆ. ಎಫ್‌ಎಸ್‌ಟ್ರಿಮ್ ಓಡಿಸಿದೆ. ಈ ಸಲ ಇಷ್ಟು ಜಿಬಿ ಟ್ರಿಮ್ ಆಯಿತು ಅಂತ ಲೆಕ್ಕ ಕೊಟ್ಟಿತು! ಡಿಸ್ಕ್ ಅನ್‌ಮೌಂಟ್ ಮಾಡಿ, ಪ್ಲಗ್ ಕಿತ್ತು, ಮತ್ತೆ ಹಾಕಿ, ಉಳಿದ ಅರ್ಧದ ಲೆಕ್ಕ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಎರಡು ಸಲ ಮಾಡಿದೆ.

ಪ್ಲಗ್ ಕಿತ್ತು ಹಾಕಿದರೆ ಸಿಸ್‌ನಲ್ಲಿ ಬರೆದದ್ದು ಮರೆತುಹೋಗುತ್ತದೆ. ಅದಕ್ಕೆ ಯುಡೆವ್ ರೂಲ್ ಬೇಕು, ಯಾವ ಸಾಧನ ಹಾಕಿದಾಗ ಏನು ಮಾಡಬೇಕು ಅಂತ ಲಿನಕ್ಸ್‌ಗೆ ಹೇಳಿಡುವುದು. ಈ ತಯಾರಕ, ಈ ಮಾಡೆಲ್ ಬಂದಾಗ ಪ್ರಾವಿಷನಿಂಗ್ ಮೋಡನ್ನು ಅನ್‌ಮ್ಯಾಪ್ ಮಾಡು ಅಂತ ಒಂದು ಸಾಲು, ಡಿಸ್ಕಾರ್ಡ್ ಮಿತಿ ಹಾಕಲು ಇನ್ನೊಂದು ಸಾಲು. ಆಮೇಲೆ ಎಫ್‌ಎಸ್‌ಟ್ರಿಮ್ ಟೈಮರ್ ಚಾಲೂ ಮಾಡಿದೆ, ಅದು ವಾರಕ್ಕೊಮ್ಮೆ ತಾನೇ ಓಡುತ್ತದೆ. ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಅಂತ ಬರೆಯದೆ ಪಾರ್ಟಿಷನ್‌ನ ಕಾಯಂ ಗುರುತಾದ ಯುಯುಐಡಿಯನ್ನೇ ಬರೆದೆ. ಆ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಸೀರಿಯಲ್ ನಂಬರಿನಿಂದ ಆಗುವ ಡಿಸ್ಕಿನ ಬೈ-ಐಡಿ ಹೆಸರನ್ನೂ ನೆಚ್ಚಬೇಡಿ. ಕಡಿಮೆ ಬೆಲೆಯ ಕೆಲವು ಅಡಾಪ್ಟರ್ ಎಲ್ಲದಕ್ಕೂ ಒಂದೇ ಸೀರಿಯಲ್ ನಂಬರ್ ಹೇಳುತ್ತವೆ, ಎರಡು ಒಟ್ಟಿಗೆ ಹಾಕಿದರೆ ಗೊಂದಲ.

ಮೂರನೇ ವಾರ ಪೂರ್ತಿ ಸುಮ್ಮನೆ ಓಡಲು ಬಿಟ್ಟೆ. ರಾತ್ರಿಯಿಡೀ 190 ಜಿಬಿ ಬರೆಯುವುದು, ಓದುವುದು. ಡಿ-ಮೆಸೇಜ್‌ನಲ್ಲಿ ರೀಸೆಟ್ ಅನ್ನುವ ಪದ ಒಂದು ಸಲವೂ ಬರಲಿಲ್ಲ. ಒಂದೇ ತೊಂದರೆ ಕಂಡಿದ್ದು ವೈಫೈಗೆ. ಎಸ್‌ಎಸ್‌ಡಿ ಜೋರಾಗಿ ಓಡುವಾಗ ಪೈಯ ವೈಫೈ ಬಿಟ್ಟು ಬಿಟ್ಟು ಬರುತ್ತಿತ್ತು. ಇದು ಅಡಾಪ್ಟರ್ ತಪ್ಪಲ್ಲ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್‌ನವರು 2012ರಲ್ಲೇ ಇದನ್ನು ಅಳೆದು ಬರೆದಿದ್ದಾರೆ. ಪೈಯನ್ನು ಲ್ಯಾನ್ ಕೇಬಲ್‌ಗೆ ಹಾಕಿದೆ, ಮುಗಿಯಿತು. ಅದು ಆಗದವರು 5 ಗಿಗಾಹರ್ಟ್ಸ್ ವೈಫೈಗೆ ಹೋಗಬಹುದು.

ಎಂ.2 ಇರುವವರಿಗೆ ಎರಡು ಮಾತು

ಡಬ್ಬ ವಾಪಸ್ ಕೊಡಲು ಹೋದ ಗೆಳೆಯ ತನಗೂ ಒಂದು ಎನ್‌ವಿಎಂಇ ಡಬ್ಬ ತಂದ. ಅವನ ಎಸ್‌ಎಸ್‌ಡಿ ಅದರಲ್ಲಿ ಕಾಣಿಸಲೇ ಇಲ್ಲ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಕಡ್ಡಿಗಳಲ್ಲಿ ಎರಡು ಜಾತಿ, ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ. ತುದಿಯ ಚಿನ್ನದ ಪಿನ್ ಸಾಲಿನಲ್ಲಿ ಕಚ್ಚು ನೋಡಿ. ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದು ಬದಿಗೆ ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಖಾತ್ರಿಗೆ ಲೇಬಲ್ ಓದಬೇಕು. ಜೆಎಂಎಸ್583, ಎಎಸ್‌ಎಂ2362 ಚಿಪ್‌ಗಳು ಎನ್‌ವಿಎಂಇಗೆ ಮಾತ್ರ. ರಿಯಲ್‌ಟೆಕ್‌ನ ಆರ್‌ಟಿಎಲ್9210ಬಿ ಎರಡನ್ನೂ ಓದುತ್ತದೆ. ಗೆಳೆಯ ಕೊನೆಗೆ ಅದಿರುವ ಡಬ್ಬಕ್ಕೇ ಬದಲಾಯಿಸಿಕೊಂಡ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎನ್‌ವಿಎಂಇ ಡಬ್ಬಗಳಿಗೆ ಸ್ಯಾಟ್ ನಡೆಯದು, ಚಿಪ್‌ಗೆ ತಕ್ಕಂತೆ ಎಸ್‌ಎನ್‌ಟಿ-ಜೆಮೈಕ್ರಾನ್, ಎಸ್‌ಎನ್‌ಟಿ-ರಿಯಲ್‌ಟೆಕ್, ಎಸ್‌ಎನ್‌ಟಿ-ಏಸ್‌ಮೀಡಿಯಾ ಅಂತ ಕೊಡಬೇಕು, ಕಮಾಂಡ್‌ನಲ್ಲಿ ನಡುವೆ ಗೆರೆ ಇಲ್ಲದೆ. ಎನ್‌ವಿಎಂಇ ಕರೆಂಟೂ ಜಾಸ್ತಿ ಎಳೆಯುತ್ತದೆ, ಬಿಸಿಯೂ ಆಗುತ್ತದೆ. ಪೈ 4ಗೆ ಹಾಕುವುದಾದರೆ ಆ 1.2 ಆಂಪಿಯರ್ ಲೆಕ್ಕ ನೆನಪಿರಲಿ.

ನನ್ನ ಪೈ ಈಗ ಟಿವಿ ಹಿಂದಿನ ಕಪಾಟಿನಲ್ಲಿದೆ. ಕೇಬಲ್ ಎಳೆದಾಡಬಾರದು ಅಂತ ಎಸ್‌ಎಸ್‌ಡಿಯನ್ನು ಎರಡು ಬದಿ ಅಂಟುವ ಟೇಪ್‌ನಿಂದ ಪೈ ಪಕ್ಕಕ್ಕೇ ಅಂಟಿಸಿದ್ದೇನೆ. ಹಳೆಯ ಅಡಾಪ್ಟರ್ ಎಸೆದಿಲ್ಲ. ಹೊದಿಕೆ ಮತ್ತೆ ಮುಚ್ಚಿ, ಮೇಲೆ ಬಿಳಿ ಟೇಪ್ ಸುತ್ತಿ, 'ಹಾರ್ಡ್ ಡಿಸ್ಕ್‌ಗೆ ಮಾತ್ರ, ಯುಎಎಸ್ ಬೇಡ' ಅಂತ ಬರೆದು ಡ್ರಾಯರ್‌ಗೆ ಹಾಕಿದ್ದೇನೆ.